ಚೀಟಿ ಮೊದಲು, ತೂಕ ಆಮೇಲೆ

2014ರ ಮಾರ್ಚ್ 11, ಮಂಗಳವಾರ, ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ನನ್ನ ಹೇಳಿಕೆಯ ಕಾಗದವನ್ನು ಗೋದಾಮಿನ ಸಣ್ಣ ತಕ್ಕಡಿಯ ಮೇಲೆ ಇಟ್ಟರು. ಅದು ಸರಿಯಾಗಿ ಐದು ಗ್ರಾಂ ತೂಗಿತು. ಆ ಊರಿನಲ್ಲಿ ಹೇಳಿಕೆ ಬರೆಯಲು ಕೊಡುವ ಖಾಲಿ ಹಾಳೆಯ ತೂಕವೂ ಐದು ಗ್ರಾಂ. ಅಂದರೆ ನಾನು ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ ಎಂದಾಯಿತು. ಸುತ್ತ ನಿಂತವರು ತಲೆಯಾಡಿಸಿದರು. ಯಾರೋ ಒಬ್ಬರು ನನ್ನ ಭುಜ ತಟ್ಟಿದರು. ಯಾರೆಂದು ನೋಡಲು ನಾನು ತಿರುಗಲಿಲ್ಲ. ತಕ್ಕಡಿಯ ಅಂಕಿಯನ್ನೇ ನೋಡುತ್ತ ನಿಂತಿದ್ದೆ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಗದಗದ ಕಡೆಯ ಒಂದು ಕಾಲೇಜಿನಲ್ಲಿ ಎರಡು ವರ್ಷ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಮೂರನೆಯ ವರ್ಷ ಜೂನ್ ಕಳೆದರೂ ಕರೆ ಬರಲಿಲ್ಲ. ಆಗ ಪರಿಚಯದವರೊಬ್ಬರ ಮೂಲಕ ಆ ದೇಶಕ್ಕೆ ಹೋದೆ. ಬಂದರಿನ ಪಕ್ಕದ ದೊಡ್ಡ ಗೋದಾಮಿನಲ್ಲಿ ಶಿಪ್ಪಿಂಗ್ ಕ್ಲರ್ಕ್ ಕೆಲಸ ಸಿಕ್ಕಿತು. ಹೊರಗೆ ಹೋಗುವ ಪ್ರತಿ ಪೆಟ್ಟಿಗೆಗೂ ವಿಳಾಸದ ಚೀಟಿ ಬರೆಯುವುದು, ಒಳಗೇನಿದೆ ಎಂದು ನಮೂದಿಸುವುದು, ತೂಗಿ ದಾಖಲಿಸುವುದು, ಹಡಗಿನ ಪಟ್ಟಿಗೆ ಸೇರಿಸುವುದು. ಎಂಟನೇ ತರಗತಿ ಓದಿದವರೂ ಮಾಡಬಹುದಾದ ಕೆಲಸ. ಇದನ್ನು ನಾನು ಮೊದಲ ವಾರವೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ, ಆಮೇಲೂ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದೆ.

ಆ ಊರಿನಲ್ಲಿ ಬರೆದ ಸುಳ್ಳಿಗೆ ತೂಕವಿತ್ತು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ನಿಜವಲ್ಲದ್ದು ಇದ್ದರೆ ಪೆಟ್ಟಿಗೆ ಭಾರವಾಗುತ್ತಿತ್ತು. ಕಾಗದದಲ್ಲಿ ಇದ್ದರೆ ಕಾಗದ ಭಾರವಾಗುತ್ತಿತ್ತು. ಬಾಯಿಮಾತಿಗೆ ಮಾತ್ರ ಯಾವ ತೂಕವೂ ಇರಲಿಲ್ಲ. ಹಾಗಾಗಿ ಅಲ್ಲಿನ ಜನ ಬಾಯಲ್ಲಿ ಧಾರಾಳವಾಗಿ ಹೊಗಳುತ್ತಿದ್ದರು, ಬರೆಯುವಾಗ ಮಾತ್ರ ಲೆಕ್ಕ ಹಾಕಿ ಬರೆಯುತ್ತಿದ್ದರು. ಉಪ್ಪಿನಕಾಯಿಯ ಅಂಗಡಿಯವನು ಭರಣಿಯ ಮೇಲೆ 'ಕಳೆದ ವರ್ಷದ್ದು, ತಿನ್ನಬಹುದು' ಎಂದು ಬರೆದಿರುತ್ತಿದ್ದ. ಮದುವೆಯ ಉಡುಗೊರೆಯ ಮೇಲೆ 'ಪ್ರೀತಿಯಿಂದ' ಎಂದು ಬರೆಯುವ ಧೈರ್ಯ ಕೆಲವರಿಗಷ್ಟೇ ಇತ್ತು. ಚುನಾವಣೆ ಬಂದರೆ ಕರಪತ್ರ ಹಂಚಲು ಕೈಗಾಡಿ ಬೇಕಾಗುತ್ತಿತ್ತು. ಒಮ್ಮೆ ಒಬ್ಬ ತಾಯಿ ದೂರದ ಮಗನಿಗೆ ಪೆಟ್ಟಿಗೆ ಕಳಿಸಲು ಬಂದಿದ್ದಳು. 'ಅವನಿಗೆ ತುಂಬ ಇಷ್ಟವಾದ ಒಣಮೀನು' ಎಂದು ಬರೆಸಿದಳು. ಮುನ್ನೂರು ಗ್ರಾಂ ಹೆಚ್ಚು ಬಂತು. 'ಒಣಮೀನು ಅಂತಷ್ಟೇ ಬರಿ' ಅಂದಳು.

ನನಗೆ ಇದು ಅಳೆಯುವ ವಿಷಯವಾಗಿ ಕಂಡಿತು. ಒಂದು ನೋಟ್‌ಬುಕ್ಕಿನಲ್ಲಿ ಹೆಚ್ಚುವರಿ ತೂಕಗಳನ್ನು ಬರೆದಿಡುತ್ತ ಹೋದೆ. ಇನ್ನೂರ ಹನ್ನೆರಡು ದಾಖಲೆಗಳಾದವು. ಗ್ರಾಫ್ ಹಾಕಿ ನೋಡಿದೆ. ಸುಳ್ಳಿನ ಉದ್ದಕ್ಕೂ ಭಾರಕ್ಕೂ ಸಂಬಂಧವಿರಲಿಲ್ಲ, ವಸ್ತುವಿನ ಬೆಲೆಗೂ ಇರಲಿಲ್ಲ. ಸೂತ್ರ ಸಿಗಲಿಲ್ಲ. ಖಚಿತವಾಗಿ ತಿಳಿದದ್ದು ಒಂದೇ: ತಕ್ಕಡಿ ಬರೆದದ್ದನ್ನು ಮಾತ್ರ ತೂಗುತ್ತದೆ, ಬರೆಯದೆ ಬಿಟ್ಟದ್ದನ್ನು ತೂಗುವುದಿಲ್ಲ.

ಅದು ತಿಳಿದದ್ದು ನಾನು ಮನೆಗೆ ಬರೆದ ಮೊದಲ ಪತ್ರದಿಂದ. ನನ್ನ ಅಪ್ಪ ನಿವೃತ್ತ ಕಂಡಕ್ಟರ್. ಮಗ ವಿದೇಶದಲ್ಲಿ ಸಂಶೋಧನೆಗೆ ಹೋಗಿದ್ದಾನೆ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅದಾಗಲೇ ಹೇಳಿಬಿಟ್ಟಿದ್ದರು. ನಾನು ಅದಕ್ಕೆ ತಕ್ಕಂತೆ 'ಇಲ್ಲಿಯ ಪ್ರಯೋಗಾಲಯ ದೊಡ್ಡದಾಗಿದೆ' ಎಂದು ಬರೆದೆ. ಅಂಚೆಚೀಟಿ ಹಚ್ಚುವ ಮೊದಲು ಲಕೋಟೆಯನ್ನು ತಕ್ಕಡಿಗೆ ಹಾಕಿದಾಗ ಹದಿನಾರು ಗ್ರಾಂ ಬಂತು. ಪ್ಯಾಕಿಂಗ್ ಮೇಜಿನಲ್ಲಿ ಟೇಪು ಹಚ್ಚುತ್ತಿದ್ದ ಮುದುಕ ಕತ್ತೆತ್ತಿ ನೋಡಿದ.

"ಮಾಸ್ತರ, ಲಕೋಟಿ ಒಳಗ ಕಲ್ಲ ಇಟ್ಟೀರೇನ?"

ಅವನು ದಾವಲಸಾಬ. ಗಜೇಂದ್ರಗಡದವನು, ಮೊದಲು ಮಗ್ಗದಲ್ಲಿದ್ದವನು. ಆ ಗೋದಾಮಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವನು ಚೇಷ್ಟೆಗೆ ನನ್ನನ್ನು ಮಾಸ್ತರ ಎಂದು ಕರೆದು ರೀ ಹಚ್ಚಿ ಮಾತಾಡುತ್ತಿದ್ದ, ಅಂತಃಕರಣ ಬಂದರೆ ತಮ್ಮಾ ಎನ್ನುತ್ತಿದ್ದ. ಗೋದಾಮಿನಾಗ ಅದೀನಿ ಅಂತ ಬರದ್ರ ಅಪ್ಪ ಏನ ಸಾಯಂಗಿಲ್ಲ ಎಂದು ಆ ದಿನ ಅವನು ಹೇಳಿದ. ತಾನು ಏಳು ವರ್ಷದಿಂದ ಹೆಂಡತಿ ಹಜರತಬಿಗೆ ಬರೆಯುತ್ತಿರುವುದಾಗಿಯೂ, 'ಬೆನ್ನು ನೋಯುತ್ತದೆ, ಊಟಕ್ಕೆ ರುಚಿಯಿಲ್ಲ, ನಿನ್ನ ನೆನಪು ವಾರಕ್ಕೆ ಎರಡು ಸಲ ಬರುತ್ತದೆ' ಎಂದು ಇದ್ದದ್ದನ್ನೇ ಬರೆಯುವುದಾಗಿಯೂ ಹೇಳಿದ. ವಾರಕ್ಕೆ ಎರಡೇ ಸಲವೇ ಎಂದು ಆಕೆ ಮಾರುತ್ತರ ಬರೆದು ಜಗಳ ತೆಗೆದಿದ್ದಳಂತೆ.

ನಾನು ಅವನ ಮಾತು ಕೇಳಲಿಲ್ಲ. ಹೊಸ ಹಾಳೆ ತೆಗೆದು ಬರೆದೆ: 'ಇಲ್ಲಿ ನನ್ನ ಕೆಲಸ ಸೂಕ್ಷ್ಮವಾದ ಅಳತೆಯ ಉಪಕರಣಗಳ ಜೊತೆ. ದಿನವೂ ನೂರಾರು ಅಳತೆಗಳನ್ನು ದಾಖಲಿಸುತ್ತೇನೆ. ತಪ್ಪಾಗದಂತೆ ಎಚ್ಚರ ವಹಿಸಬೇಕು.' ಕಾಗದ ಖಾಲಿ ಹಾಳೆಯಷ್ಟೇ ತೂಗಿತು. ಅಪ್ಪ ಆ ಪತ್ರವನ್ನು ಹೋಟೆಲಿನಲ್ಲಿ ಓದಿಸಿದರು ಎಂದು ಆಮೇಲೆ ತಿಳಿಯಿತು. ಹೀಗೆ ಎರಡು ವರ್ಷ ತೂಕ ತಪ್ಪದ ಪತ್ರಗಳನ್ನು ಬರೆಯುತ್ತ ನನ್ನ ಕೈ ಪಳಗಿತು.

ದಾವಲ ಕಾಕಾನ ಕಣ್ಣೆಲ್ಲ ಹತ್ತು ವರ್ಷದ ಮೇಲಿತ್ತು. ಆ ಊರಿನಲ್ಲಿ ಹೊರಗಿನವರು ಹತ್ತು ವರ್ಷ ಮುರಿಯದೆ ಕೆಲಸ ಮಾಡಿದರೆ ಸಂಸಾರಕ್ಕೊಂದು ಕೋಣೆ ಕೊಡುತ್ತಿದ್ದರು, ಹೆಂಡತಿಯನ್ನು ಕರೆತರಬಹುದಿತ್ತು. ಅವನಿಗೆ ಇನ್ನು ಐದು ತಿಂಗಳು ಉಳಿದಿತ್ತು. ಕೋಣೆಯನ್ನೂ ನೋಡಿ ಬಂದಿದ್ದ. ಮೂಡಣಕ್ಕೆ ಕಿಟಕಿ ಇದ್ದ ಕೋಣೆ. ಆಕೆ ಬೆಳಿಗ್ಗೆ ಬಿಸಿಲಿಗೆ ಕೂತು ಚಹಾ ಕುಡಿಯುವವಳು ಎಂದು ನೀಲಿ ಹೂವಿನ ಒಂದು ಕಪ್ಪು-ಬಸಿ ತಂದು, ಒಡೆದುಹೋದೀತೆಂದು ಪ್ಯಾಕಿಂಗ್ ಮೇಜಿನ ಕೆಳಗಿನ ಖಾನೆಯಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಇಟ್ಟಿದ್ದ. ಬಿಡುವಾದಾಗ ತೆಗೆದು ಒರೆಸಿ ಮತ್ತೆ ಇಡುತ್ತಿದ್ದ. ಹೆಂಡತಿಗಿಂತ ಕಪ್ಪಿಗೇ ಸೇವೆ ಜಾಸ್ತಿ ನಡೆದಿದೆ ಎಂದು ನಾನು ಕಾಡಿಸುತ್ತಿದ್ದೆ.

ಗೋದಾಮಿನಲ್ಲಿ ಒಂದು ನಿಯಮವಿತ್ತು. ಚೀಟಿ ಮೊದಲು, ತೂಕ ಆಮೇಲೆ. ನಾನು ಬರೆದ ಚೀಟಿಯನ್ನು ನಾನೋ ಕಾಕಾನೋ, ಕೈ ಬಿಡುವಿದ್ದವರು ಹಚ್ಚುತ್ತಿದ್ದೆವು. ಚೀಟಿ ಹಚ್ಚಿದ ಮೇಲೆ ತೂಗಿದರೆ ಮಾತ್ರ ಚೀಟಿಯ ತಪ್ಪು ತಕ್ಕಡಿಗೆ ತಿಳಿಯುತ್ತದೆ. ಗ್ರಾಫಿನ ಹುಚ್ಚು ಇಳಿದ ಮೇಲೆ ನಾನು ಇದನ್ನು ಪಾಲಿಸುತ್ತಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಮೊದಲು ತೂಗಿ, ಆಮೇಲೆ ಹೆಸರು ಬರೆದು ಅಂಟಿಸುತ್ತಿದ್ದೆವು. ನನಗೆ ಆ ಕ್ರಮವೇ ಸರಿ ಎನಿಸುತ್ತಿತ್ತು, ಬೇಗವೂ ಆಗುತ್ತಿತ್ತು. ಚೀಟಿ ಹಚ್ಚಿ ತೂಗುವುದು ತಪ್ಪು ಮಾಡುವವರಿಗೆ ಎಂದು ನನ್ನ ಎಣಿಕೆ.

ಫೆಬ್ರವರಿ 4ರಂದು ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳು ನನ್ನ ಮುಂದೆ ಬಂದವು. ಒಂದರಲ್ಲಿ ಕನ್ನಡಕಗಳು. ಉತ್ತರದ ದ್ವೀಪವೊಂದರ ವೃದ್ಧರಿಗಾಗಿ, ಒಬ್ಬೊಬ್ಬರ ಕಣ್ಣು ಪರೀಕ್ಷಿಸಿ ಮಾಡಿಸಿದ ಎಪ್ಪತ್ತು ಕನ್ನಡಕಗಳು. ಇನ್ನೊಂದರಲ್ಲಿ ಕೊಡೆಯ ಮರದ ಹಿಡಿಗಳು, ಪಕ್ಕದ ಊರಿನ ಕೊಡೆ ತಯಾರಿಸುವವರಿಗೆ. ಎರಡೂ ಒಂಬತ್ತು ಕೆ.ಜಿ.ಯ ಆಸುಪಾಸು. ನಾನು ತೂಗಿದೆ, ದಾಖಲಿಸಿದೆ, ಆಮೇಲೆ ಚೀಟಿ ಬರೆಯಲು ಕೂತೆ. ಕಾಕಾ ಎದುರಿನ ಮೇಜಿನಿಂದ ಅಂದ:

"ಮಾಸ್ತರ, ಚೀಟಿ ಮೊದಲ ಹಚ್ಚ್ರಿ, ಆಮ್ಯಾಲೆ ತೂಗ್ರಿ. ಇಲ್ಲಂದ್ರ ಆ ಪಾಪದ ತಕ್ಕಡಿಗೆ ಏನ ಗೊತ್ತಾಗಬೇಕ್ರಿ?"

"ಕಾಕಾ, ಎರಡು ಪೆಟ್ಟಿಗೆ ಗುರುತಿಡೋದಕ್ಕ ನಾ ಎಂ.ಎಸ್ಸಿ. ಓದೀನಿ" ಅಂದೆ.

ಅವನು ನಕ್ಕ. ನಾನು ಅವನನ್ನು ನೋಡಿ ನಗುತ್ತಲೇ ಎರಡು ಚೀಟಿಗಳನ್ನೂ ಹಚ್ಚಿದೆ. ಅದಲುಬದಲಾಗಿ ಹಚ್ಚಿದೆ. ಕಾಕಾ ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಿ ತನ್ನ ವಿಭಾಗದ ಬಾಗಿಲಲ್ಲಿ ನಿಲ್ಲಿಸಿದ. ಸಂಜೆ ವ್ಯಾನು ಬಂದು ಒಯ್ದಿತು.

ಕೊಡೆಯವರು ತಮಗೆ ಬಂದ ಪೆಟ್ಟಿಗೆಯನ್ನು ಮಳೆಗಾಲಕ್ಕೆಂದು ತೂಗದೆ, ಬಿಚ್ಚದೆ ಎತ್ತಿಟ್ಟಿದ್ದರು. ದ್ವೀಪಕ್ಕೆ ಹಡಗು ಹೋಗುವುದು ತಿಂಗಳಿಗೊಮ್ಮೆ. ಅಲ್ಲಿ ಇಳಿಸುವಾಗ ಒಂಬತ್ತು ಕೆ.ಜಿ. ಎಂದಿದ್ದ ಪೆಟ್ಟಿಗೆ ಹದಿಮೂರು ತೂಗಿತಂತೆ. ಸುಳ್ಳು ಚೀಟಿ ಎಂದು ಅಲ್ಲಿನವರಿಗೆ ಆಗಲೇ ಗೊತ್ತಾಯಿತು. ಆದರೂ ಕನ್ನಡಕಕ್ಕಾಗಿ ಸಾಲಾಗಿ ಕೂತಿದ್ದ ಮುದುಕ ಮುದುಕಿಯರ ಮುಂದೆಯೇ ಬಿಚ್ಚಿದ್ದರು. ಅವರಲ್ಲೊಬ್ಬಳು ಕೊಡೆಯ ಹಿಡಿಯೊಂದನ್ನು ಕೈಯಲ್ಲಿ ಹಿಡಿದು, ಇದನ್ನು ಎಲ್ಲಿ ಇಟ್ಟು ನೋಡಬೇಕು ಎಂದು ಕೇಳಿದಳಂತೆ. ದ್ವೀಪದಿಂದ ಬಂದ ಪತ್ರದಲ್ಲಿ ಇದಿತ್ತು. ಆ ಪತ್ರ ಹಾಳೆಯಷ್ಟೇ ತೂಗಿತು.

ಮಾರ್ಚ್ 11ರಂದು ಗೋದಾಮಿನ ಮೇಲ್ವಿಚಾರಕಿ ಸಲೋಮಿ ಮೇಡಂ ನಮ್ಮಿಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ಆ ಊರಿನ ಪದ್ಧತಿ ಅದು. ಪ್ರಶ್ನೆ ಕೇಳುವುದಿಲ್ಲ. ಬಾಯಿಮಾತಿಗೆ ತೂಕವಿಲ್ಲವಲ್ಲ. ನಿಮ್ಮ ಭಾಷೆಯಲ್ಲಿ, ನಿಮ್ಮ ಕೈಯಲ್ಲಿ, ನಡೆದದ್ದನ್ನು ಬರೆಯಿರಿ ಎನ್ನುತ್ತಾರೆ, ಎಲ್ಲರ ಮುಂದೆ ತೂಗುತ್ತಾರೆ. ಹಾಳೆಯಷ್ಟೇ ತೂಗಿದರೆ ಆ ಮನುಷ್ಯನನ್ನು ಮತ್ತೆ ವಿಚಾರಿಸುವಂತಿಲ್ಲ. ವಿಚಾರಿಸಿದರೆ ಅದು ಅವಮಾನ.

ನಾನು ಬರೆದದ್ದು ಇಷ್ಟು: 'ಆ ದಿನ ಎರಡೂ ಪೆಟ್ಟಿಗೆಗಳನ್ನು ತುಂಬಿ ಟೇಪು ಹಚ್ಚಿದ್ದು ದಾವಲಸಾಬ. ನಾನು ತೂಗಿದಾಗ ಎರಡೂ ಪೆಟ್ಟಿಗೆಗಳ ತೂಕ ಸರಿಯಾಗಿತ್ತು. ಅದು ದಾಖಲೆಯಲ್ಲಿದೆ. ಆಮೇಲೆ ವ್ಯಾನು ಬರುವವರೆಗೂ ಪೆಟ್ಟಿಗೆಗಳು ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ ಇದ್ದವು. ಅಲ್ಲಿ ಏನು ನಡೆಯಿತೆಂದು ನಾನು ನೋಡಿಲ್ಲ.'

ಪ್ರತಿಯೊಂದು ವಾಕ್ಯವೂ ನಿಜ. ಚೀಟಿ ಎಂಬ ಪದ ಎಲ್ಲಿಯೂ ಇಲ್ಲ. ಅದನ್ನು ಅವರ ಭಾಷೆಯಲ್ಲಿ ನಾನೇ ಓದಿ ಹೇಳಿದೆ. ಕೇಳಿದವರಿಗೆ, ತೂಗುವಾಗ ಚೀಟಿ ಸರಿಯಿತ್ತು, ಆಮೇಲೆ ಪ್ಯಾಕಿಂಗ್‌ನಲ್ಲಿ ಯಾರೋ ಬದಲಿಸಿದ್ದಾರೆ ಎಂದೇ ಅನಿಸಬೇಕು. ಐದು ಗ್ರಾಂ.

ಆಮೇಲೆ ಕಾಕಾನ ಕಾಗದ. ಅವನು ಒಂದೇ ಸಾಲು ಬರೆದಿದ್ದ. ತಕ್ಕಡಿ ಆರು ಗ್ರಾಂ ಎಂಟು ತೋರಿಸಿತು. ಒಂಬತ್ತೂವರೆ ವರ್ಷದಲ್ಲಿ ಅವನು ಹಚ್ಚಿದ ಒಂದು ಚೀಟಿಯೂ ಗ್ರಾಂ ತಪ್ಪಿರಲಿಲ್ಲ. ಮೇಡಂ ಕಾಗದವನ್ನು ನನ್ನ ಕೈಗೆ ಕೊಟ್ಟು, ಏನು ಬರೆದಿದ್ದಾನೆ ಓದು ಎಂದರು. ಕನ್ನಡ ಬರುತ್ತಿದ್ದ ಇನ್ನೊಬ್ಬ ನಾನೇ.

'ಚೀಟಿ ಯಾರ ಹಚ್ಚ್ಯಾರ ನಾ ನೋಡಿಲ್ಲ' ಎಂದು ಬರೆದಿತ್ತು.

ನಾನು ಅವರ ಭಾಷೆಯಲ್ಲಿ ಅದನ್ನು ಹೇಳಿದೆ. ಒಂದು ಪದವನ್ನೂ ಬದಲಿಸದೆ ಹೇಳಿದೆ. ಮೇಡಂ ಕಾಕಾನ ಕಡೆ ತಿರುಗಿ, ಹಾಗಾದರೆ ನೀನು ನೋಡಿದ್ದೀಯ, ಯಾರು ಎಂದು ಇದೇ ಹಾಳೆಯ ಮೇಲೆ ಬರೆ ಎಂದು ಪೆನ್ನು ಮುಂದೆ ಮಾಡಿದರು. ಕಾಕಾ ಪೆನ್ನು ತೆಗೆದುಕೊಳ್ಳಲಿಲ್ಲ. ನನ್ನನ್ನು ನೋಡಿದ. ಬೈಯುವವನ ಹಾಗಲ್ಲ, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನನ್ನು ಎದ್ದು ಹೇಳಲೆಂದು ಮೇಷ್ಟರು ನೋಡುವ ಹಾಗೆ. ಎಷ್ಟು ಹೊತ್ತು ನೋಡಿದ ಎಂದು ನನಗೆ ಗೊತ್ತು. ತಕ್ಕಡಿಯ ಮೇಲಿನ ಗಡಿಯಾರದ ಮುಳ್ಳು ನಲವತ್ತು ಸೆಕೆಂಡು ಸರಿಯಿತು. ನಾನು ಬಾಯಿ ತೆರೆಯಲಿಲ್ಲ.

ಹೇಳಿಕೆ ಭಾರವಾಗಿ ಬಂದವನನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವನ ಸೇವಾ ಪುಸ್ತಕದಲ್ಲಿ 6.8 ಎಂದು ಕೆಂಪು ಶಾಯಿಯಲ್ಲಿ ಬರೆದರು. ಆ ಅಂಕಿ ಇದ್ದವನಿಗೆ ಆ ಊರಿನಲ್ಲಿ ಇನ್ನೆಲ್ಲಿಯೂ ಕೆಲಸವಿಲ್ಲ. ನಲವತ್ತು ದಿನದೊಳಗೆ ತಪ್ಪು ಅವನದಲ್ಲ ಎಂದು ಯಾರಾದರೂ ಬರೆದುಕೊಟ್ಟರೆ ಸೇವೆ ಮುರಿಯುವುದಿಲ್ಲ. ಆ ಗಡುವು ಏಪ್ರಿಲ್ 20ಕ್ಕೆ ಮುಗಿಯುತ್ತಿತ್ತು. ನಾನು ಆ ದಿನವೇ ಲೆಕ್ಕ ಹಾಕಿಕೊಂಡಿದ್ದೆ.

ನಾಲ್ಕನೆಯ ದಿನದ ಹಡಗಿಗೆ ಅವನು ಹೊರಟ. ಬಂದರಿನವರೆಗೆ ಅವನ ಟ್ರಂಕನ್ನು ನಾನೇ ಹೊತ್ತೆ. ದಾರಿಯುದ್ದಕ್ಕೂ ಅವನು ಹವಾಮಾನದ ಬಗ್ಗೆ, ಟೇಪಿನ ಹೊಸ ಉರುಳೆಗಳು ಚೆನ್ನಾಗಿ ಅಂಟುವುದಿಲ್ಲ ಎಂಬುದರ ಬಗ್ಗೆ ಮಾತಾಡಿದ. ಏಣಿ ಹತ್ತುವ ಮುಂಚೆ ಮಾತ್ರ ನಿಂತ.

"ನೀನ ಎದ್ದು ಹೇಳ್ತಿ ಅಂತ ಮಾಡಿದ್ದೆ ತಮ್ಮಾ. ಅದಕ್ಕ ನಾ ನೋಡಿಲ್ಲ ಅಂತ ಬರದೆ. ನಿನ್ನ ಹೆಸರ ನನ್ನ ಕೈಲೆ ಬ್ಯಾಡ ಅಂತ."

ನಾನು ತಪ್ಪಾಯಿತು ಕಾಕಾ ಅಂದೆ. ಬಾಯಲ್ಲಿ ಅಂದೆ.

"ಆತ ಬಿಡು" ಎಂದು ಟ್ರಂಕನ್ನು ನನ್ನ ಕೈಯಿಂದ ತೆಗೆದುಕೊಂಡ. ಆ ಗಡಿಬಿಡಿಯಲ್ಲಿ ಮೇಜಿನ ಕೆಳಗಿನ ಕಪ್ಪು-ಬಸಿ ಇಬ್ಬರಿಗೂ ನೆನಪಾಗಲಿಲ್ಲ.

ಮಾರನೆಯ ದಿನವೇ ಬರೆದುಕೊಡುತ್ತೇನೆ ಎಂದುಕೊಂಡಿದ್ದೆ. ತಿಂಗಳ ಕೊನೆಯ ಹಡಗಿನ ಪಟ್ಟಿ ಮುಗಿಯಲಿ ಎಂದುಕೊಂಡೆ. ಆಮೇಲೆ ಮೇಡಂ ರಜೆಯಿಂದ ಬರಲಿ ಎಂದುಕೊಂಡೆ. ಏಪ್ರಿಲ್ 20 ಭಾನುವಾರ. ಆ ದಿನ ನಾನು ಅಂಗಿಗಳಿಗೆ ಇಸ್ತ್ರಿ ಹಾಕಿದೆ, ಬೂಟು ಪಾಲಿಶ್ ಮಾಡಿದೆ, ನೋಟ್‌ಬುಕ್ಕಿನ ಗ್ರಾಫನ್ನು ಬಣ್ಣದ ಪೆನ್ಸಿಲಿನಲ್ಲಿ ಮತ್ತೆ ಬರೆದೆ. ಗಡುವು ಮುಗಿಯಿತು. ಮುಗಿದ ಮೇಲೆ ಒಂದು ರೀತಿಯ ಹಗುರವೂ ಆಯಿತು. ಇನ್ನು ಬರೆದರೂ ಅವನಿಗೆ ಕೋಣೆ ಸಿಗುವುದಿಲ್ಲ, ಬರೆದು ಏನು ಪ್ರಯೋಜನ ಎಂದು ವಾದ ಹೂಡಬಹುದಿತ್ತು. ಆ ವಾದವನ್ನು ಹೂಡಿಯೂ ನೋಡಿದೆ.

ಅದು ಹನ್ನೊಂದು ದಿನ ನಡೆಯಿತು. ಹೊಸ ಪ್ಯಾಕರ್ ಆ ಊರಿನವಳೇ, ಮಾತು ಕಡಿಮೆ. ಮೇ 1ರಂದು ಖಾನೆ ಸ್ವಚ್ಛ ಮಾಡುವಾಗ ಹುಲ್ಲಿನ ಪೆಟ್ಟಿಗೆ ಅವಳಿಗೆ ಸಿಕ್ಕಿತು. ಯಾರದು ಎಂದು ತಿಳಿಯದೆ ತಂದು ನನ್ನ ಮೇಜಿನ ಮೇಲಿಟ್ಟು, ಇದಕ್ಕೆ ಚೀಟಿ ಇಲ್ಲ ಅಂದಳು. ಕಪ್ಪಿನ ಮೇಲೆ ಧೂಳು ಕೂತಿತ್ತು. ನಾನು ಅಂಗಿಯ ತುದಿಯಲ್ಲಿ ಒರೆಸಿದೆ. ಅವನು ಒರೆಸುತ್ತಿದ್ದ ಹಾಗೆ, ಮೊದಲು ಹಿಡಿ, ಆಮೇಲೆ ಅಂಚು. ಒರೆಸಿ ಮುಗಿಸಿದ ಮೇಲೆ ಒಂದು ಹಾಳೆ ತೆಗೆದುಕೊಂಡೆ.

ಹತ್ತು ಸಾಲು ಬರೆದೆ. ಚೀಟಿ ಬರೆದದ್ದು ನಾನು, ಹಚ್ಚಿದ್ದು ನಾನು, ತೂಗಿದ ಮೇಲೆ ಹಚ್ಚಿದ್ದು, ಕಾಕಾ ಎಚ್ಚರಿಸಿದ್ದ, ಎಲ್ಲವನ್ನೂ. ಕೊನೆಯಲ್ಲಿ 'ಕೆಲಸ ಹೋಗುತ್ತದೆಂದು ಹೆದರಿ ಸುಮ್ಮನಿದ್ದೆ' ಎಂದು ಸೇರಿಸಿದೆ. ತೂಗಿದೆ. ಆರು ಗ್ರಾಂ ಒಂದು. ತಕ್ಕಡಿ ಕೆಟ್ಟಿದೆ ಎಂದುಕೊಂಡು ಖಾಲಿ ಹಾಳೆ ಇಟ್ಟು ನೋಡಿದೆ. ಕೆಟ್ಟಿರಲಿಲ್ಲ. ಒಂದೊಂದೇ ವಾಕ್ಯ ಬಿಟ್ಟು ಮತ್ತೆ ಮತ್ತೆ ಬರೆದು ತೂಗಿದೆ. ಏಳನೆಯ ಹಾಳೆಯಲ್ಲಿ ಗೊತ್ತಾಯಿತು, ಭಾರವಿದ್ದದ್ದು ಕೊನೆಯ ವಾಕ್ಯದಲ್ಲಿ. ನಾನು ಹೆದರಿರಲಿಲ್ಲ. ತಪ್ಪೊಪ್ಪಿಕೊಂಡ ಗುಮಾಸ್ತನಿಗೆ ಅಲ್ಲಿ ಒಂದು ವಾರದ ಸಂಬಳ ಕಡಿತ, ಅಷ್ಟೇ. ಅದು ನನಗೆ ಮೊದಲೇ ಗೊತ್ತಿತ್ತು. ಆ ವಾಕ್ಯ ಹೊಡೆದು ಬೇರೆ ಬರೆದೆ: 'ಎರಡು ಪೆಟ್ಟಿಗೆ ಗುರುತಿಸಲಾರದವನು ಎಂದು ಗೋದಾಮಿನವರ ಬಾಯಿಗೆ ಬೀಳುವುದು ನನಗೆ ಬೇಡವಾಗಿತ್ತು. ಮತ್ತು ನನ್ನ ಕಾಗದ ಐದು ಗ್ರಾಂ ತೂಗಿದಾಗ ನನಗೆ ಹೆಮ್ಮೆಯಾಯಿತು.' ಇದು ಸರಿಯಾಗಿ ಐದು ಗ್ರಾಂ ತೂಗಿತು.

ಮೇ 2ರಂದು ಅದನ್ನು ಮೇಡಂ ಮುಂದೆ ಇಟ್ಟೆ. ಅವರು ಎಲ್ಲರನ್ನೂ ಕರೆಸಿದರು. ನಾನು ಕಾಗದವನ್ನು ತಕ್ಕಡಿಯ ಮೇಲೆ ಇಡಲು ಹೋದೆ. ಅವರು ಅಡ್ಡ ಕೈ ಹಿಡಿದರು.

"ನಿನ್ನ ಕಾಗದ ನಾವು ಇನ್ನು ತೂಗುವುದಿಲ್ಲ. ಓದು."

ಆ ಊರಿನಲ್ಲಿ ಒಬ್ಬನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ನಾನು ಓದಿದೆ, ಹೆಮ್ಮೆಯ ಸಾಲನ್ನೂ. ಮಾರ್ಚ್‌ನಲ್ಲಿ ನನ್ನ ಭುಜ ತಟ್ಟಿದವರು ಯಾರು ಎಂದು ಆಗ ತಿಳಿಯಿತು. ವ್ಯಾನಿನ ಹಳೆಯ ಚಾಲಕ. ಅವನು ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೇಡಂ ಸೇವಾ ಪುಸ್ತಕದ ಕೆಂಪು ಅಂಕಿಯನ್ನು ಹೊಡೆದರು. ಹೆಸರು ಸರಿಯಾಯಿತು, ನಲವತ್ತು ದಿನ ಮೀರಿದ್ದರಿಂದ ಹತ್ತು ವರ್ಷ ಮೊದಲಿಂದ ಎಣಿಸಬೇಕು, ಬರುವುದಾದರೆ ಬರಲಿ ಎಂದು ಬರೆದು ಕಳಿಸಿ ಎಂದರು. ಕಾಕಾನಿಗೆ ಆಗ ಐವತ್ತೆಂಟು. ಆ ಸಂಜೆಯೇ ಅಪ್ಪನಿಗೂ ಬರೆದೆ, ಗೋದಾಮಿನಲ್ಲಿದ್ದೇನೆ ಎಂದು. ಅದಕ್ಕೆ ಉತ್ತರ ಬರಲಿಲ್ಲ.

ಕಪ್ಪು-ಬಸಿಯನ್ನು ಹೊಸ ಹುಲ್ಲಿನಲ್ಲಿ ಪ್ಯಾಕ್ ಮಾಡಿ ಗಜೇಂದ್ರಗಡಕ್ಕೆ ಕಳಿಸಿದೆ. ಚೀಟಿ ಮೊದಲು ಹಚ್ಚಿದೆ, ಆಮೇಲೆ ತೂಗಿದೆ. ಮೇಡಂ ಹೇಳಿದ್ದನ್ನೂ, ಓದಿದ ಹತ್ತು ಸಾಲುಗಳನ್ನೂ ಬರೆದು ಒಳಗಿಟ್ಟೆ. ಉತ್ತರ ಬರೆಯಲೆಂದು ನಮ್ಮ ಗೋದಾಮಿನ ಎರಡು ಖಾಲಿ ಹಾಳೆಗಳನ್ನೂ ಇಟ್ಟೆ. ಯಾಕೆ ಆ ಹಾಳೆಗಳನ್ನೇ ಇಟ್ಟೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ಉತ್ತರ ಬಂತು. ಎರಡೂ ಹಾಳೆಗಳಲ್ಲಿ ಬರೆದಿದ್ದ. ಮೊದಲನೆಯದು ಎರಡು ಬದಿ ತುಂಬಿತ್ತು. ಕಪ್ಪು ಒಡೆಯದೆ ಬಂತು, ಹಜರತಬಿ ಅದನ್ನು ಬಳಸುವುದಿಲ್ಲ, ಕಪಾಟಿನಲ್ಲಿ ಇಟ್ಟಿದ್ದಾಳೆ. ಹೆಸರು ಸರಿ ಮಾಡಿದ್ದು ಗೊತ್ತಾಯಿತು. ಇನ್ನು ಬರುವುದಿಲ್ಲ. ಅಳಿಯನ ಮಗ್ಗದಲ್ಲಿ ನೂಲು ಸುತ್ತುತ್ತಾನೆ. ಬೆನ್ನು ನೋಯುತ್ತದೆ. ಎರಡನೆಯ ಹಾಳೆಯಲ್ಲಿ ಒಂದೇ ಸಾಲಿತ್ತು: 'ಮಾಸ್ತರ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲರಿ.'

ಆ ಊರಿನಲ್ಲಿ ಒಂದು ಮರ್ಯಾದೆ ಇದೆ. ತಮ್ಮವರು ಬರೆದ ಕಾಗದವನ್ನು ಯಾರೂ ತೂಗುವುದಿಲ್ಲ. ಓದಿ ಮಡಿಚಿ ಇಟ್ಟುಕೊಳ್ಳುತ್ತಾರೆ. ನಾನೂ ಮಡಿಚಿ ಜೇಬಿನಲ್ಲಿ ಇಟ್ಟುಕೊಂಡೆ. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋಗುವವರೆಗೆ ಕಾದೆ.

ಮೊದಲ ಹಾಳೆ ಐದು ಗ್ರಾಂ ತೂಗಿತು. ಎರಡನೆಯದು ಏಳು ಗ್ರಾಂ ಮೂರು.